ಪೆಟ್ರೋಲ್ ಟ್ಯಾಂಕಿನಲ್ಲಿ ಜೋಳದ ಅಕ್ಷತೆ

ಶಿವಾಜಿನಗರದ ಗುಜರಿಯಲ್ಲಿ ನಾನು ಒಂದು ದಿನ ಅಂಗಡಿ ಬಾಗಿಲು ಹಾಕಿದರೆ ಬೆಂಗಳೂರಿನ ಅರ್ಧ ಗಾಡಿಗಳು ಆಯಿಲ್ ಸೋರಿಸಿಕೊಂಡು ರಸ್ತೆ ಮಧ್ಯೆ ಕೂತುಬಿಡುತ್ತವೆ. ನನ್ನ ಕಸುಬು ಗ್ಯಾಸ್ಕೆಟ್ ಕತ್ತರಿಸುವುದು. ಲೋಹಕ್ಕೆ ಲೋಹ ಸೇರುವ ಕಡೆ ನಡುವೆ ಕೂತು, ಎಣ್ಣೆ ನೀರು ಗಾಳಿ ಯಾವುದನ್ನೂ ಹೊರಗೆ ಬಿಡದ ಕಾರ್ಕಿನ ಬಿಲ್ಲೆ, ರಬ್ಬರಿನ ಬಿಲ್ಲೆ. ಬುಲೆಟ್ ಬೈಕಿನಿಂದ ಬೋರ್‌ವೆಲ್ ಪಂಪಿನವರೆಗೆ ನಾನು ಕತ್ತರಿಸದ ಆಕಾರವಿಲ್ಲ. ಹಲಸೂರು ಕೆರೆಯ ತೂಬಿಗೆ ಗ್ಯಾಸ್ಕೆಟ್ ಹಾಕಿದವನೂ ನಾನೇ ಎಂದರೆ ನನ್ನ ಹೆಂಡತಿ ಉಮ್ಮೆ ಕುಲ್ಸುಂ ನಂಬುವುದಿಲ್ಲ. ಅವಳು ನಂಬದಿದ್ದರೆ ಕೆರೆಯೇನೂ ಖಾಲಿಯಾಗುವುದಿಲ್ಲ.

ವಿಮಾನ ನನ್ನ ಅಂಗಡಿಗೆ ಬಂದದ್ದು ಸ್ಕೂಟರಿನ ಮೇಲೆ. ಇಡೀ ವಿಮಾನವಲ್ಲ, ಅದರ ಒಂದು ಪ್ಲೇಟು. ಅಂಗೈಗಿಂತ ಸ್ವಲ್ಪ ದೊಡ್ಡದು, ಅಂಚಿನ ಸುತ್ತ ಸ್ಕ್ರೂ ತೂತುಗಳು. ತಂದವರು ಶ್ರೀನಿವಾಸ್ ಸಾರ್. ವಿಮಾನ ಕಾರ್ಖಾನೆಯಲ್ಲಿ ಇಡೀ ಆಯುಷ್ಯ ಕಳೆದು ನಿವೃತ್ತರಾಗಿ, ಜೀವನ್ ಬಿಮಾ ನಗರದಲ್ಲಿ ಮನೆ ಮಾಡಿಕೊಂಡವರು. ಪರದೇಶದಿಂದ ಪೆಟ್ಟಿಗೆ ಪೆಟ್ಟಿಗೆಯಾಗಿ ತರಿಸಿದ ಎರಡು ಸೀಟಿನ ವಿಮಾನವೊಂದನ್ನು ಕೆ.ಆರ್. ಪುರದ ರೈಲು ಹಳಿ ಪಕ್ಕದ ತಗಡಿನ ಶೆಡ್ಡಿನಲ್ಲಿ ಸ್ವಂತ ಕೈಯಿಂದ ಜೋಡಿಸುತ್ತಿದ್ದರು.

“ಇದು ಆಕ್ಸೆಸ್ ಪ್ಲೇಟು ಕಣಯ್ಯ,” ಎಂದರು. “ರೆಕ್ಕೆ ಒಳಗೆ ಪೆಟ್ರೋಲ್ ಟ್ಯಾಂಕ್ ಇರುತ್ತೆ. ಅದರ ತುದೀಲಿ ಒಂದು ಕೈ ಹಿಡಿಯೋ ಅಷ್ಟು ಬಾಯಿ. ಆ ಬಾಯಿಗೆ ಇದು ಮುಚ್ಚಳ. ಇದಕ್ಕೊಂದು ಕಾರ್ಕ್ ಗ್ಯಾಸ್ಕೆಟ್ ಬೇಕಲ್ಲ.”

ಅವರು ಹೆಲ್ಮೆಟ್ ತೆಗೆಯುವುದರೊಳಗೆ ಕತ್ತರಿಸಿ ಕೊಟ್ಟೆ. ಮುಂದಿನ ವಾರ ಅದೇ ಗ್ಯಾಸ್ಕೆಟ್ಟನ್ನು ವಾಪಸು ತಂದರು. ಕಾರ್ಕು ಒಣಗಿ ಸೋರುತ್ತದಂತೆ. ಹಾಗಂತ ಅಮೆರಿಕದಲ್ಲಿ ವಿಮಾನ ಕಟ್ಟುವ ಯಾರೋ ಇಂಟರ್ನೆಟ್ಟಿನಲ್ಲಿ ಬರೆದಿದ್ದಾನಂತೆ. ಬರೀ ಸೀಲಂಟು ಸಾಕಂತೆ. ನನ್ನ ವಂಶದಲ್ಲಿ ಯಾರ ಗ್ಯಾಸ್ಕೆಟ್ಟೂ ವಾಪಸು ಬಂದಿರಲಿಲ್ಲ. ಆ ಸೀಲಂಟಿನ ಮುಖ ನೋಡಿಯೇ ಬರುತ್ತೇನೆ ಎಂದು ಷಟರ್ ಎಳೆದು ಅವರ ಸ್ಕೂಟರಿನ ಹಿಂದೆ ಹತ್ತಿದವನು, ಆಮೇಲೆ ಆ ಶೆಡ್ಡನ್ನು ಬಿಡಲಿಲ್ಲ.

ಸಂದಿಗೆ ಬಳಿಯುವ ಆ ಸೀಲಂಟನ್ನು ನಾವು ಮದ್ದು ಎನ್ನುತ್ತಿದ್ದೆವು. ಎರಡು ಡಬ್ಬಿಯಲ್ಲಿ ಬರುತ್ತದೆ. ಬೆರೆಸಿದರೆ ಡಾಂಬರಿನಂತೆ ಕಪ್ಪು, ವಾಸನೆ ಮಾತ್ರ ಒಂದು ಲಾರಿ ಕೊಳೆತ ಮೊಟ್ಟೆ. ಬೆರೆಸಿದ ಮೇಲೆ ಕಾಯುವುದಿಲ್ಲ, ಗಟ್ಟಿಯಾಗುತ್ತಲೇ ಹೋಗುತ್ತದೆ. ಗಟ್ಟಿಯಾದ ಮೇಲೆ ಲೋಹ ಹರಿದೀತು, ಅದು ಬಿಡುವುದಿಲ್ಲ. ಎಡ ರೆಕ್ಕೆಯ ಟ್ಯಾಂಕಿನಲ್ಲಿ ನಮಗೆ ಇದು ಗೊತ್ತಾಯಿತು. ಮುಚ್ಚಿದ ಮೇಲೆ ಸೋರಿತು. ಬಿಚ್ಚಲು ಹೋದೆವು. ಬ್ಲೇಡು, ಹೀಟರು, ಬೈಗುಳ ಎಲ್ಲ ಖರ್ಚಾದವು. ಪ್ಲೇಟು ಹಪ್ಪಳದಂತೆ ಮುದುಡಿಕೊಂಡಿತು, ಹೊಸದು ಬರಲು ಒಂದು ಮಳೆಗಾಲ ಕಾದೆವು. ಅವತ್ತು ಶ್ರೀನಿವಾಸ್ ಸಾರ್ ಕಪ್ಪಾದ ಉಗುರುಗಳನ್ನು ನೋಡಿಕೊಳ್ಳುತ್ತ ಹೇಳಿದರು: “ಇನ್ನು ಮುಚ್ಚಿದ ಟ್ಯಾಂಕ್ ನಾನು ಬಿಚ್ಚಲ್ಲ. ಯಾರು ಬಂದು ಹೇಳಿದರೂ ಬಿಚ್ಚಲ್ಲ.”

ಶೆಡ್ಡಿನ ಪಕ್ಕದ ಕೋಣೆಯಲ್ಲಿ ಬಸಣ್ಣ ಮತ್ತು ಅವನ ಹೆಂಡತಿ ಯಂಕಮ್ಮ ಇದ್ದರು. ಸುರಪುರದ ಕಡೆಯವರು. ಬಸಣ್ಣ ಶೆಡ್ಡು ಕಾಯುತ್ತಿದ್ದ, ರಿವೆಟ್ ಹೊಡೆಯುವಾಗ ಹಿಂದಿನಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯುತ್ತಿದ್ದ. ಯಂಕಮ್ಮ ಪಕ್ಕದ ಲೇಔಟಿನಲ್ಲಿ ಮನೆಗೆಲಸಕ್ಕೆ ಹೋಗುತ್ತಿದ್ದಳು, ಬಂದು ನಮಗೆಲ್ಲ ರೊಟ್ಟಿ ಬಡಿಯುತ್ತಿದ್ದಳು. ಎಡ ಟ್ಯಾಂಕು ಸೋರಿದ್ದಕ್ಕೆ ಅವಳು ಬೇರೆ ಕಾರಣ ಹೇಳಿದಳು.

“ಮೂರ್ತ ಇಲ್ಲ, ಅಕ್ಷತಿ ಇಲ್ಲ, ಹಂಗಽ ಬಾಯಿ ಮುಚ್ಚಿದ್ರ ಸೋರಲಾರ್ದ ಏನ್ ಮಾಡ್ತದ್ರಿ ಸರ? ನಮ್ಮತ್ತಿ ಕಾಳಿನ ಹಗೇವ ಮುಚ್ಚೋವಾಗ ಸೈತ ನಾಕ ಕಾಳ ಅಕ್ಷತಿ ಹಾಕ್ತಿದ್ಲು. ನೆಲದಾಗಿನ ಹಗೇವಕ್ಕಽ ಅಷ್ಟ ಮಾಡ್ತೀವಿ, ಇದು ಮುಗಲಾಗ ಹೋಗೂದು.”

ಸಾರ್ ದೇವರನ್ನು ನಂಬುವವರಲ್ಲ, ಯಂಕಮ್ಮನ ರೊಟ್ಟಿಯನ್ನು ನಂಬುವವರು. “ಆಯ್ತಮ್ಮ, ಹಾಕು. ದೂರದಿಂದ ಹಾಕು,” ಎಂದರು.

ಬಲಗಡೆಯ ಟ್ಯಾಂಕು ಮುಚ್ಚುವ ಬೆಳಿಗ್ಗೆ ಯಂಕಮ್ಮ ತಲೆಗೆ ಎಣ್ಣೆ ಹಚ್ಚಿ ಬಾಚಿ, ಹಸಿರು ಸೀರೆ ಉಟ್ಟು ಬಂದಳು. ಸೆರಗಿನಲ್ಲಿ ಅರಿಶಿನ ಹಚ್ಚಿದ ಬಿಳಿಜೋಳ. ಅಕ್ಷತೆ ಅಂದರೆ ಅಕ್ಕಿ ಎಂದುಕೊಂಡಿದ್ದ ಸಾರ್ ಕನ್ನಡಕ ಸರಿಮಾಡಿಕೊಂಡು ನೋಡಿದರು. ಸುರಪುರದ ಕಡೆಯ ಮದುವೆಗಳಲ್ಲಿ ಜೋಳವೇ ಅಂತೆ. ಚಪ್ಪರದ ಕೊನೆಯಲ್ಲಿ ನಿಂತವರು ಕೂಡ ಗುರಿಯಿಟ್ಟು ಮದುಮಗನ ತಲೆಗೆ ಹೊಡೆಯಬೇಕಂತೆ, ಹೊಡೆಯದಿದ್ದರೆ ಬೀಗರಿಗೆ ಸಿಟ್ಟಂತೆ. ಯಂಕಮ್ಮನ ತೋಳು ಆ ಶಾಲೆಯಲ್ಲಿ ಕಲಿತದ್ದು.

ಟ್ಯಾಂಕನ್ನು ಮರದ ತೊಟ್ಟಿಲಿನಲ್ಲಿ ಬಾಯಿ ಮೇಲಾಗಿ ನಿಲ್ಲಿಸಿದ್ದೆವು. ಸಾರ್ ಬಾಯಿಯ ಅಂಚಿಗೆ ಮದ್ದು ಬಳಿದರು. ಪ್ಲೇಟಿನ ಒಳಮುಖಕ್ಕೆ ಎಂಜಿನ್ನು ಪೆಟ್ರೋಲು ಹೀರುವ ಕೊಳವೆ ಇತ್ತು, ಕೊಳವೆಯ ತುದಿಗೆ ಸಣ್ಣ ಜಾಳಿಗೆ. ಅದನ್ನು ಮಗುವಿನಂತೆ ಎರಡೂ ಕೈಯಲ್ಲಿ ಹಿಡಿದು ಬಗ್ಗಿದರು. ಇಂಥ ಘಳಿಗೆಗೆ ಒಬ್ಬ ಯಜಮಾನ ಬೇಕಲ್ಲ. “ಹಾಂ, ಈಗ,” ಎಂದು ನಾನು ಕೂಗಿದೆ.

ನಿಜ ಹೇಳಬೇಕೆಂದರೆ ಪ್ಲೇಟು ಇನ್ನೂ ಒಂದು ಗೇಣು ಮೇಲಿತ್ತು. ಯಂಕಮ್ಮ ತಡಮಾಡುವವಳಲ್ಲ. ಆಲಿಕಲ್ಲು ಬಿದ್ದ ಹಾಗೆ ಜೋಳ ಬಿತ್ತು. ಸಾರ್ ತಲೆ, ಕಾಲರಿನೊಳಗೆ, ಮದ್ದಿನ ಮೇಲೆ.

“ಅಯ್ಯೋ, ಸಾಕಮ್ಮ, ಸಾಕು,” ಎಂದು ಸಾರ್ ಮದ್ದಿಗೆ ಅಂಟಿದ ಕಾಳುಗಳನ್ನು ಉಗುರಿನಿಂದ ಎಬ್ಬಿಸಿದರು. ತಮ್ಮ ತಲೆಯೇ ಬಾಯಿಗೆ ಅಡ್ಡ ಇತ್ತು, ಒಳಗೆ ಏನೂ ಹೋಗಿರುವುದಿಲ್ಲ ಎಂದು ಅವರ ಎಣಿಕೆ. ಮದ್ದು ಗಟ್ಟಿಯಾಗುತ್ತಿತ್ತು. ಪ್ಲೇಟು ಕೂರಿಸಿ ಸ್ಕ್ರೂ ಬಿಗಿದರು, ಒಂದೊಂದು ಸ್ಕ್ರೂವಿನ ತಲೆಗೂ ಕಪ್ಪು ಬೊಟ್ಟಿಟ್ಟರು.

ಆಮೇಲೆ ನಾನೂ ಬಸಣ್ಣನೂ ಟ್ಯಾಂಕನ್ನು ಎತ್ತಿ ಬೆಂಚಿನ ಮೇಲೆ ಮಲಗಿಸಿದೆವು. ಮಲಗಿಸುವಾಗ ನನ್ನ ಕಡೆ ಒಂದು ಸದ್ದಾಯಿತು. ಮಕ್ಕಳ ಗಿಲಕಿ ಒಂದೇ ಸಲ ಹೊರಳಿದ ಹಾಗೆ, ಚಿರ್ರ್. ಕಿವಿಗಿಂತ ಮೊದಲು ಅಂಗೈಗೆ ಕೇಳಿಸಿತು.

“ಬಸಣ್ಣ, ಕೇಳಿಸ್ತಾ?”

ಆಗಲೇ ಹಳಿಯ ಮೇಲೆ ಗೂಡ್ಸ್ ಗಾಡಿ ಹೋಗುತ್ತಿತ್ತು. “ಏನ್ರಿ ಅಣ್ಣಾರ?” ಎಂದು ಬಸಣ್ಣ ಬಾಯಿ ಆಡಿಸಿದ. ಗಾಡಿ ಹೋಗಿ ಮುಗಿಯುವುದರೊಳಗೆ ಯಂಕಮ್ಮ ಎಲ್ಲರ ಕೈಗೂ ಬೆಲ್ಲ ಹಾಕಿ, ಮುಖ ಅರಳಿಸಿಕೊಂಡು ನಿಂತಿದ್ದಳು. ಬೆಲ್ಲ ಬಾಯಲ್ಲಿಟ್ಟುಕೊಂಡು ಹೇಳುವ ಮಾತೇ ಅದು?

ಚಹಾ ಹೊತ್ತಿಗೆ ಹೇಳಿದೆ. ಸಾರ್ ಶೆಡ್ಡಿನ ಮೆಟ್ಟಿಲ ಮೇಲೆ ಕೂತು ಕೈಗೆ ಸೀಮೆಎಣ್ಣೆ ಉಜ್ಜುತ್ತಿದ್ದರು.

“ಸಾರ್, ಟ್ಯಾಂಕೊಳಗೆ ಜೋಳ ಬಿದ್ದಿದೆ.”

“ಎಷ್ಟು?”

ಇಲ್ಲಿ ನನ್ನ ನಾಲಿಗೆ ನನ್ನನ್ನು ಕೇಳಲಿಲ್ಲ. “ಒಂದು ಪಾವು ಅಂತೂ ಇದೆ ಸಾರ್. ಕಿವಿ ಗುಂಯ್ ಅಂತು.”

ಅವರು ನಕ್ಕರು. ನನ್ನ ವಿಷಯದಲ್ಲಿ ಅವರದೊಂದು ಲೆಕ್ಕವಿತ್ತು: ಮುನಾವರ್ ಏನೇ ಹೇಳಲಿ, ಹತ್ತರಿಂದ ಭಾಗಿಸಬೇಕು. ಹಿಂದೊಮ್ಮೆ ರೆಕ್ಕೆಯೊಳಗೆ ನಾಗರಹಾವು ಹೆಡೆಯೆತ್ತಿ ಕೂತಿದೆ ಎಂದು ನಾನು ಶೆಡ್ಡಿನಿಂದ ಎಲ್ಲರನ್ನೂ ಓಡಿಸಿದ್ದೆ, ಹಲ್ಲಿ ಸಿಕ್ಕಿತ್ತು. ಹಲ್ಲಿ ದೊಡ್ಡದೇ ಇತ್ತು, ಅದನ್ನು ಯಾರೂ ಹೇಳುವುದಿಲ್ಲ.

“ಭಾಗಿಸಿದ್ರೂ ಒಂದು ಚಮಚ ಆಯ್ತು,” ಎಂದು ಸಾರ್ ಎದ್ದರು. “ಒಂದು ಚಮಚ ಜೋಳ ಅಂದ್ರೆ ನನಗೂ ಕೇಳಿಸ್ಬೇಕು. ಬಾ, ಬಸಣ್ಣ, ಹಿಡಿ.”

ಇಬ್ಬರೂ ಟ್ಯಾಂಕು ಎತ್ತಿ ಅಲ್ಲಾಡಿಸಿದರು. ಸಾರ್ ಕಿವಿಯನ್ನು ಅಲ್ಯೂಮಿನಿಯಂಗೆ ಅಂಟಿಸಿದರು. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಸದ್ದಿಲ್ಲ. ನಾನೂ ಕಿವಿಯಿಟ್ಟೆ. ಕಬರಸ್ತಾನದ ಮೌನ.

ನನಗೆ ಥಟ್ಟನೆ ಹೊಳೆಯಿತು. ಒಳಗೆ ಮದ್ದು ಹಸಿ. ಅಂಚಿನಲ್ಲಿ ಒಳಕ್ಕೆ ಉಕ್ಕಿದ ಮದ್ದು ಇನ್ನೂ ಅಂಟಂಟು. ಟ್ಯಾಂಕು ಮಲಗಿಸಿದಾಗ ಉರುಳಿದ ಕಾಳುಗಳು ಅದಕ್ಕೆ ಮೆತ್ತಿಕೊಂಡು ಕೂತಿವೆ.

“ಅಂಟ್ಕೊಂಡಿದೆ ಸಾರ್. ಪೆಟ್ರೋಲ್ ಬಿದ್ದು, ಎಂಜಿನ್ ನಡುಗಿದ ಮೇಲೆ ಒಂದೊಂದೇ ಬಿಡುತ್ತೆ. ಹೋಗಿ ಜಾಳಿಗೆಗೆ ಕೂರುತ್ತೆ, ಎಂಜಿನ್ ನಿಲ್ಲುತ್ತೆ.”

“ಆಗ ಹೆಡೆ ಎತ್ತಿ ಕೂರುತ್ತಾ?” ಎಂದರು ಸಾರ್. ಬಸಣ್ಣ ಮುಖ ಆಚೆ ತಿರುಗಿಸಿಕೊಂಡ, ಬೆನ್ನು ಅಲ್ಲಾಡುತ್ತಿತ್ತು.

ಯಂಕಮ್ಮ ಮಾತ್ರ ನಗಲಿಲ್ಲ. “ಅಕ್ಷತಿ ತುಳೀಬಾರ್ದಂತ ನೆಲದ ಮ್ಯಾಲಿಂದ ಒಂದೊಂದಽ ಆರಿಸೀನ್ರಿ. ನಾ ಒಗದಿದ್ದು ಒಳಗ ಹೋಗಿಲ್ಲ. ಹೋಗೂ ಹಂಗ ಒಗಿಯಾಕಿ ಅಲ್ಲ ನಾ.” ಹೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ಕೇಳಿತು. ಮಾಮೂಲಿಗಿಂತ ಜೋರಾಗಿತ್ತು.

ಮನೆಗೆ ಬಂದವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಮೊದಲ ಸಲ ಹಾರಿಸುವಾಗ ವಿಮಾನದಲ್ಲಿ ಬೇರೆ ಯಾರನ್ನೂ ಕೂರಿಸುವುದಿಲ್ಲ, ಸಾರ್ ಒಬ್ಬರೇ. ಹಾರುವುದು ಹೊಸಕೋಟೆಯ ಆಚೆ ಯಾರದೋ ಖಾಸಗಿ ರನ್‌ವೇಯಿಂದ. ನೆಲ ಬಿಟ್ಟ ಹೊಸತರಲ್ಲಿ ಎಂಜಿನ್ನು ನಿಂತರೆ ವಾಪಸು ತಿರುಗುವಷ್ಟು ಎತ್ತರವಿರುವುದಿಲ್ಲ, ಕೆಳಗೆ ಹೈವೇ ಎಂದು ಅವರೇ ಒಮ್ಮೆ ಚಹಾ ಕುಡಿಯುತ್ತ, ಬಸ್ಸಿನ ರೂಟು ಹೇಳಿದಷ್ಟು ತಣ್ಣಗೆ ಹೇಳಿದ್ದರು. ಆ ಹೈವೇ ಈಗ ನನ್ನ ಊಟದ ದಸ್ತರಖಾನಿನ ಮೇಲೆ ಬಂದು ಮಲಗಿತ್ತು. ಜೀರಿಗೆ ಡಬ್ಬಿ ಅಲ್ಲಾಡಿಸಿದೆ. ಕಡಲೆ ಡಬ್ಬಿ ಅಲ್ಲಾಡಿಸಿ ಕಿವಿಗಿಟ್ಟೆ. ಕಡಲೆಗಿಂತ ಚಿಕ್ಕದು, ಸಾಸಿವೆಗಿಂತ ದೊಡ್ಡದು, ಅಂಥ ಸದ್ದು.

“ಅಜೀ, ಅಡುಗೆಮನೇಲಿ ಏನ್ ಹುಡುಕ್ತಾ ಇದೀರ?” ಎಂದಳು ಕುಲ್ಸುಂ. “ಮೊದಲು ಆ ಅಂಗಿ ಬಿಚ್ಚಿ. ಮೋರಿ ವಾಸನೆ.”

ಹೇಳಿದೆ. ಪೂರ್ತಿ ಕೇಳಿದಳು.

“ನಿಮ್ಮ ಸಾರ್ ನಂಬಲಿಲ್ಲ ಅಂದ್ರೆ ಅವರದೇನು ತಪ್ಪು? ನಿಕಾಹ್‌ಗೆ ಮುಂಚೆ ನಮ್ಮ ಅಬ್ಬಾಗೆ ಏನ್ ಹೇಳಿದ್ರಿ? ಮೂರು ಅಂತಸ್ತಿನ ಕಾರ್ಖಾನೆ ಇದೆ ಅಂತ.”

“ಮೂರು ಅಂತಸ್ತು ಇತ್ತಲ್ಲ.”

“ಬೀರು ಅದು.” ಅವಳು ಕಡಲೆ ಡಬ್ಬಿ ನನ್ನ ಕೈಯಿಂದ ಕಿತ್ತಿಟ್ಟಳು. “ಪಾವು ನಕ್ಕೋ, ಸೇರು ನಕ್ಕೋ, ಎರಡೂ ಬೇಡ. ನಾಳೆ ಹೋಗಿ ಇದ್ದದ್ದು ಇದ್ದಷ್ಟೇ ಹೇಳಿ. ಒಂದು ಸಲ ನಿಜ ಹೇಳಿದ್ರೆ ಹಲ್ಲು ಉದುರಲ್ಲ.”

ಮರುದಿನ ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಬಸ್ಸಿನಲ್ಲಿ ನಿಂತೇ ಹೋದೆ, ಸೀಟು ಖಾಲಿಯಿತ್ತು. ದಾರಿಯುದ್ದಕ್ಕೂ ಮಾತನ್ನು ಕತ್ತರಿಸಿ ಕತ್ತರಿಸಿ ಸಣ್ಣ ಮಾಡಿಕೊಂಡೆ. ಅಷ್ಟು ಸಣ್ಣ ಮಾತು ನನ್ನ ಬಾಯಿಂದ ಹುಟ್ಟಿದ್ದೇ ಇಲ್ಲ.

“ಸಾರ್, ಪಾವು ಅಂದಿದ್ದು ಸುಳ್ಳು. ಕೆಲವೇ ಕಾಳು. ಒಂದು ಸಲ ಸದ್ದು ಬಂತು, ಅಷ್ಟೇ.”

ಸಾರ್ ತಲೆಯೆತ್ತಲಿಲ್ಲ. ಉಕ್ಕಿದ ಮದ್ದನ್ನು ಪ್ಲಾಸ್ಟಿಕ್ ಚಾಕುವಿನಿಂದ ಕೆರೆಯುತ್ತಿದ್ದರು. “ನಿನ್ನೆ ಪಾವು, ಇವತ್ತು ಕೆಲವೇ ಕಾಳು. ನಾಳೆ ಹೊತ್ತಿಗೆ ನೀನೇ ಇಲ್ಲ ಅಂತೀಯ. ಅದನ್ನೂ ಹತ್ತರಿಂದ ಭಾಗಿಸಿದ್ರೆ ಏನುಳೀತಪ್ಪ?”

ದೊಡ್ಡದು ಹೇಳಿದರೆ ಭಾಗಿಸುತ್ತಾರೆ, ಚಿಕ್ಕದು ಹೇಳಿದರೆ ಸೊನ್ನೆ ಮಾಡುತ್ತಾರೆ. ಇಂಥ ಮನುಷ್ಯನಿಗೆ ನಿಜವನ್ನು ಯಾವ ಅಳತೆಯಲ್ಲಿ ಕತ್ತರಿಸಿ ಕೊಡಬೇಕು?

ಟ್ಯಾಂಕಿನ ಇನ್ನೊಂದು ತುದಿಯಲ್ಲಿ ಪೆಟ್ರೋಲು ಹಾಕುವ ಕ್ಯಾಪಿನ ತೂತಿತ್ತು. ಅದರೊಳಗೆ ಟಾರ್ಚು ಬಿಟ್ಟು ಇಣುಕಿದೆ. ಒಳಗೆ ಅಡ್ಡಡ್ಡ ಗೋಡೆಗಳು, ಕೋಣೆ ಕೋಣೆಯ ಮನೆ. ಬೆಳಕು ಮೊದಲ ಕೋಣೆ ದಾಟಲಿಲ್ಲ. ಗೋಡೆಗಳ ಬುಡದಲ್ಲಿ ಪೆಟ್ರೋಲು ಹರಿಯಲು ಕಿಂಡಿ ಬಿಟ್ಟಿರುತ್ತಾರೆ. ಉರುಟು ಜೋಳಕ್ಕೆ ಆ ಕಿಂಡಿ ಮಹಾದ್ವಾರ.

“ಏನು, ಹಾವು ಮರಿ ಹಾಕಿದೆಯಾ?” ಎಂದರು ಸಾರ್ ಹಿಂದಿನಿಂದ.

ನಾಲ್ಕಾರು ದಿನ ಅಂಗಡಿಯಲ್ಲಿ ಕೂತು ನಾನು ಕತ್ತರಿಸಿದ ಗ್ಯಾಸ್ಕೆಟ್ಟೆಲ್ಲ ಸೊಟ್ಟ. ಹೀರೋ ಹೋಂಡಾಗೆ ಕೊಟ್ಟದ್ದು ಗ್ರೈಂಡರಿಗೂ ಕೂರುವಂತಿರಲಿಲ್ಲ. ಮದ್ದು ಒಣಗಿತೆಂದು ಶುಕ್ರವಾರ ಸಾರ್ ಫೋನು ಮಾಡಿದರು. ನಮಾಜು ಮುಗಿಸಿ ಓಡಿದೆ.

ಸೋರುತ್ತದೋ ಇಲ್ಲವೋ ನೋಡುವ ವಿಧಾನ ಸರಳ. ಟ್ಯಾಂಕಿನ ಒಂದು ಕೊಳವೆಗೆ ಬಲೂನು ಕಟ್ಟಿ, ಇನ್ನೊಂದರಿಂದ ಸೈಕಲ್ ಪಂಪಿನಲ್ಲಿ ಗಾಳಿ ತುಂಬಿ ಮುಚ್ಚಬೇಕು. ಬಲೂನು ಉಬ್ಬಿ ನಿಲ್ಲುತ್ತದೆ. ಎಲ್ಲಾದರೂ ಸೋರಿದರೆ ಕುಗ್ಗುತ್ತದೆ. ಸಾರ್ ಕಮ್ಮನಹಳ್ಳಿಯಿಂದ ಹುಟ್ಟುಹಬ್ಬದ ಬಲೂನು ತಂದಿದ್ದರು. ಅದು ಉಬ್ಬಿ, ಸಂಜೆಯವರೆಗೂ ಅಲುಗಲಿಲ್ಲ. ಶನಿವಾರ ಬೆಳಿಗ್ಗೆ ನಾನು ಹೋದಾಗಲೂ ಹಾಗೇ ನಿಂತಿತ್ತು, ಹೆರಿಗೆ ಕೋಣೆಯ ಹೊರಗೆ ನಿಂತ ಗಂಡಸಿನ ಹಾಗೆ ಸಾರ್ ಅದರ ಸುತ್ತ ತಿರುಗುತ್ತಿದ್ದರು.

“ನೋಡಯ್ಯ. ಸೋಪಿನ ನೀರು ಬಳಿದ್ರೂ ಒಂದು ಗುಳ್ಳೆ ಇಲ್ಲ. ಇಂಥ ಸೀಲ್ ನಮ್ಮ ಕಾರ್ಖಾನೇಲೂ ನೋಡಿಲ್ಲ. ನಾಳೆ ಟ್ಯಾಂಕ್ ರೆಕ್ಕೆಗೆ, ರೆಕ್ಕೆ ವಿಮಾನದ ಮೈಗೆ. ಎಂಟು ಜನ ಬರ್ತಾರೆ ಎತ್ತೋಕೆ.”

ರೆಕ್ಕೆ ಮೈಗೆ ಸೇರಿದರೆ ಆ ಪ್ಲೇಟು ನಡುವೆ ಮುಚ್ಚಿಹೋಗುತ್ತದೆ. ಮತ್ತೆ ಅದರ ಮುಖ ನೋಡಬೇಕೆಂದರೆ ವಿಮಾನದ ರೆಕ್ಕೆ ಕಳಚಬೇಕು.

“ಸಾರ್, ಕೊನೇ ಸಲ ಹೇಳ್ತೀನಿ—”

“ಕೊನೇ ಸಲ ಅಂದ್ರೆ ಇನ್ನೂ ಹತ್ತು ಸಲ ಇದೆ,” ಎಂದು ಅವರು ಬಸಣ್ಣನ ಹೆಗಲು ತಟ್ಟಿದರು. “ಬಾರೋ ಬಸಣ್ಣ, ಇವತ್ತು ಖಾಲಿ ದೋಸೆ ನನ್ನದು. ಮುನಾವರ್, ನೀನೂ ಬಾ.”

“ನೀವು ಹೋಗಿ ಸಾರ್. ನಾನು ಬಲೂನು ನೋಡ್ಕೋತೀನಿ.”

ಸ್ಕೂಟರು ತಿರುವು ದಾಟಿತು. ಹೊರಗೆ ಯಂಕಮ್ಮ ಬಟ್ಟೆ ಒಗೆಯುತ್ತಿದ್ದಳು. ನಾನು ಬಲೂನನ್ನು ನೋಡಿದೆ. ಅದು ನನ್ನನ್ನು ನೋಡಿತು. ಈ ಮನುಷ್ಯ ನನ್ನ ಮಾತು ನಂಬುವುದಿಲ್ಲ, ಇಷ್ಟು ರಬ್ಬರನ್ನು ನಂಬುತ್ತಾರೆ. ರಬ್ಬರಿನ ವಿಷಯದಲ್ಲಿ ಬೆಂಗಳೂರಿನಲ್ಲಿ ನನ್ನನ್ನು ಮೀರಿಸಿದವರುಂಟೇ?

ಬಲೂನಿನ ದಾರ ಸಡಿಲಿಸಿದರೆ ಪ್ರಯೋಜನವಿಲ್ಲ, ಸಾರ್ ಮೊದಲು ಅದನ್ನೇ ನೋಡುತ್ತಾರೆ. ಸೋರಿಕೆ ಪ್ಲೇಟಿನಲ್ಲೇ ಇರಬೇಕು. ಸ್ಕ್ರೂಡ್ರೈವರ್ ತೆಗೆದುಕೊಂಡು, ಕೆಳಗಿನ ಒಂದು ಸ್ಕ್ರೂವಿನ ಕಪ್ಪು ಬೊಟ್ಟಿನ ಮೇಲೆ ಇಟ್ಟೆ. ಜೀವಮಾನವಿಡೀ ಸೋರದಂತೆ ಮಾಡಿ ಅನ್ನ ತಿಂದವನು ನಾನು. ನನ್ನ ಕಣ್ಣೆದುರಿನ ಅತ್ಯುತ್ತಮ ಸೀಲನ್ನು ನಾನೇ ಸೋರಿಸಬೇಕಿತ್ತು. ತಿರುಗಿಸಿದೆ. ಮದ್ದು ಬಿಡಲಿಲ್ಲ. ಮೈಭಾರ ಹಾಕಿದೆ. ಟಕ್ ಎಂದು ಬೊಟ್ಟು ಒಡೆದು ಸ್ಕ್ರೂ ಅರ್ಧ ಸುತ್ತು ಹಿಂದೆ ಬಂತು. ಬಲೂನು ನಿಧಾನವಾಗಿ ತಲೆ ಬಗ್ಗಿಸಿತು.

ಅವರು ಬಂದಾಗ ನಾನು ಬಾಗಿಲ ಬಳಿ ಅತ್ತಿಂದಿತ್ತ ನಡೆಯುತ್ತಿದ್ದೆ. ಸಾರ್ ಕೈಯಲ್ಲಿ ನನ್ನ ದೋಸೆಯ ಪೊಟ್ಟಣ. ಬಲೂನು ನೋಡಿದವರು ಪೊಟ್ಟಣವನ್ನು ಬೆಂಚಿನ ಮೇಲಿಟ್ಟರು. ದಾರ ನೋಡಿದರು, ಸರಿಯಿತ್ತು. ಪಂಪು ಹೊಡೆದು ಬ್ರಷ್ಷಿನಲ್ಲಿ ಸೋಪಿನ ನೀರು ಬಳಿಯುತ್ತ ಬಂದರು. ಮೇಲಿನಿಂದ, ಬಲದಿಂದ, ಎಡದಿಂದ. ಕೆಳಗಿನ ಸ್ಕ್ರೂವಿನ ಮೇಲೆ ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು.

ಅವರು ಕನ್ನಡಕ ಹಣೆಗೇರಿಸಿ ಹತ್ತಿರ ಬಗ್ಗಿದರು. ಒಡೆದ ಬೊಟ್ಟಿನ ಚೂರನ್ನು ಬೆರಳಿನಲ್ಲಿ ಎತ್ತಿ ನೋಡಿದರು. ಹೊಸ ಮುರಿತ ಹೊಳೆಯುತ್ತಿತ್ತು. ವಿಮಾನದ ಮುರಿದ ಭಾಗಗಳನ್ನು ನೋಡಿ ಯಾಕೆ ಮುರಿಯಿತು ಎಂದು ಹೇಳುವುದೇ ಅವರ ಕೆಲಸವಾಗಿತ್ತು ಎಂದು ನನಗೆ ಆಗ ನೆನಪಾಯಿತು.

“ಬಸಣ್ಣ, ಸ್ವಲ್ಪ ಆಚೆ ಹೋಗಿರು,” ಎಂದರು. ಬಸಣ್ಣ ಹೋದ.

“ಇದನ್ನ ಮಾಡಿದ್ದು ನೀನು.”

“ಹೌದು ಸಾರ್.”

“ಎಡಗಡೇದು ಬಿಚ್ಚಿದಾಗ ನೀನೂ ಇದ್ದೆ.”

“ಇದ್ದೆ.”

“ನನ್ನ ಹತ್ರ ಇನ್ನೊಂದು ಪ್ಲೇಟ್ ಇಲ್ಲ. ಇದು ಸೊಟ್ಟ ಆದ್ರೆ ಮುಂದಿನ ವರ್ಷದ ಮಾತು. ಮುಂದಿನ ವರ್ಷ ಡಾಕ್ಟ್ರು ನನಗೆ ಹಾರೋಕೆ ಬಿಡ್ತಾರೋ ಇಲ್ವೋ, ಅದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.” ಅವರ ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. “ಈಗ ಹೇಳು. ಒಳಗೆ ಎಷ್ಟು ಕಾಳಿದೆ?”

ಬಾಯಿಗೆ ಏನೇನೋ ಬಂತು. ಮುಷ್ಟಿ ಬಂತು, ಸೊಲಿಗೆ ಬಂತು, ಒಂದು ಚೀಲವೇ ಬಂದು ಹಲ್ಲಿನ ಹಿಂದೆ ನಿಂತಿತು.

“ಗೊತ್ತಿಲ್ಲ ಸಾರ್.”

ಅವರು ಕಾದರು. ನಾನು ಇನ್ನೇನಾದರೂ ಸೇರಿಸುತ್ತೇನೆ ಎಂದು ಕಾದರು. ನಾನು ಸೇರಿಸಲಿಲ್ಲ. ಅವರು ನನ್ನ ಮುಖವನ್ನು, ಆ ಸ್ಕ್ರೂವನ್ನು, ಮತ್ತೆ ನನ್ನ ಮುಖವನ್ನು ನೋಡಿದರು. ಆಮೇಲೆ ಕೈ ಚಾಚಿದರು.

“ಸ್ಕ್ರೂಡ್ರೈವರ್ ಕೊಡು.”

ಆ ಪ್ಲೇಟು ಬಿಚ್ಚಿದ ಕಥೆಯನ್ನು ಸರಿಯಾಗಿ ಹೇಳಬೇಕೆಂದರೆ ಇನ್ನೊಂದು ಜನ್ಮ ಬೇಕು. ನನ್ನ ಗ್ಯಾಸ್ಕೆಟ್ ಕತ್ತರಿಸುವ ಚಾಕು, ಮೂಲಂಗಿ ಎಲೆಯಷ್ಟು ಬಾಗುವಂಥದ್ದು, ಅದನ್ನು ಅಂಚಿಗೆ ತೂರಿಸಿದೆ. ಸಾರ್ ಹೀಟರಿನಿಂದ ಬಿಸಿ ಮಾಡುತ್ತ ಬಂದರು. ಮತ್ತೆ ಒಳಗೆ ಬಂದ ಬಸಣ್ಣ ಟ್ಯಾಂಕನ್ನು ತೊಡೆಗಳ ನಡುವೆ ಅದುಮಿ ಹಿಡಿದ. ಎಳೆಯುವುದು ಬೇಡ, ಎತ್ತುವುದು ಬೇಡ, ಬರೀ ಮದ್ದನ್ನು ಕೂದಲೆಳೆಯಷ್ಟು ಕೊಯ್ಯುತ್ತ ಸುತ್ತು ಹಾಕುವುದು. ನನ್ನ ದೋಸೆ ತಣ್ಣಗಾಗಿ ಚರ್ಮವಾಯಿತು. ನೆರಳು ಬೆಂಚು ದಾಟಿ ಗೋಡೆ ಹತ್ತಿದ ಮೇಲೆ ಪ್ಲೇಟು ನಿಟ್ಟುಸಿರಿನಂಥ ಸದ್ದು ಮಾಡಿ ಬಂತು. ಸಾರ್ ಅದನ್ನು ಕೊಳವೆ ಮೇಲಾಗಿ ಗಾಜಿನ ಹಲಗೆಯ ಮೇಲಿಟ್ಟು ಬೆರಳಿನಿಂದ ಒತ್ತಿದರು. ನಾಲ್ಕೂ ಕಡೆ ಕೂತಿತ್ತು. ಸೊಟ್ಟಗಾಗಿರಲಿಲ್ಲ.

ಆಮೇಲೆ ಬಗ್ಗಿ ಒಳಮುಖ ನೋಡಿದರು. ಒಳ ಅಂಚಿನ ಕಪ್ಪು ಮದ್ದಿನಲ್ಲಿ, ರಾಗಿಮುದ್ದೆಗೆ ಅಂಟಿದ ಕಡಲೆಯಂತೆ, ಹಳದಿ ಕಾಳುಗಳು ಅರ್ಧ ಹೂತು ಕೂತಿದ್ದವು. ಒಂದು ಕಾಳು ಜಾಳಿಗೆಯ ಕಣ್ಣಿಗೇ ಸಿಕ್ಕಿಕೊಂಡಿತ್ತು. ಸಾರ್ ಅದನ್ನು ಉಗುರಿನಿಂದ ತಳ್ಳಿದರು, ಬರಲಿಲ್ಲ. ಇಕ್ಕಳ ತೆಗೆದುಕೊಂಡು ಎಳೆದರು. ಅಂಗೈಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

ನನಗೆ ಭಯವಿದ್ದದ್ದು ಯಂಕಮ್ಮ ನೊಂದುಕೊಳ್ಳುತ್ತಾಳೆ ಎಂದು. ಒಳ್ಳೆಯದಾಗಲಿ ಎಂದು ಹಸಿರು ಸೀರೆ ಉಟ್ಟು ಬಂದವಳು. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಿದ್ದಳು. ನಾನು ಅಡ್ಡ ನಿಂತೆ.

“ಏನೂ ಇಲ್ಲ ಯಂಕಮ್ಮ, ರಿವೆಟ್ ಚೂರು. ಅಲ್ಯೂಮಿನಿಯಂ. ಬಿಸಿಗೆ ಹಳದಿ ಆಗಿದೆ.”

“ಸರೀರಿ ಆ ಕಡಿ.” ನನ್ನನ್ನು ಮೊಣಕೈಯಿಂದ ಸರಿಸಿ, ಸಾರ್ ಅಂಗೈ ನೋಡಿದಳು. ಕಾಳನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು. ಮುಖ ಒಂದು ಕ್ಷಣ ಬಿಳಿಚಿಕೊಂಡಿತು. “ನಂದಽ ಜೋಳ.”

ಬಸಣ್ಣ ನೆಲ ನೋಡುತ್ತಿದ್ದ.

“ನೀನು ಒಳ್ಳೇದಕ್ಕೆ ಹಾಕಿದ್ದಮ್ಮ,” ಎಂದರು ಸಾರ್. “ಪ್ಲೇಟ್ ಮುಚ್ಚೋಕೆ ಮುಂಚೆ ಈಗ ಅಂತ ಕೂಗಿದ್ದು ಈ ಮಹಾಶಯ.”

“ಅಂವ ಕೂಗ್ಲಿ ಬಿಡ್ರಿ, ಒಗದಾಕಿ ನಾ ಅಲ್ಲೇನು?” ಅವಳು ಪ್ಲೇಟಿಗೆ ಅಂಟಿದ ಕಾಳುಗಳನ್ನು ಕಣ್ಣಲ್ಲೇ ಆರಿಸಿದಳು. ತಲೆಯಾಡಿಸಿದಳು. “ಇವು ಏನೂ ಅಲ್ರಿ ಸರ. ನಾ ಮುಟಗಿ ತುಂಬ ಒಗದೀನಿ. ನೆಲದ ಮ್ಯಾಲೆ ಸಿಕ್ಕಿದ್ದು ಅರ್ಧ ಮುಟಗಿ. ಅವತ್ತಽ ನನಗ ಕಮ್ಮಿ ಅನ್ನಿಸಿತ್ತು. ಇಲಿ ಒಯ್ದಿರಬೇಕಂತ ಸುಮ್ಮನಾದೆ. ಇನ್ನಾ ಅದಾವ ಒಳಗ.”

ಹೇಳಿ ಕೋಣೆಗೆ ಹೋಗಿ, ತಾನು ಊಟ ಮಾಡುವ ಸ್ಟೀಲಿನ ಗಂಗಾಳ ತಂದು ನೆಲದ ಮೇಲಿಟ್ಟಳು. ನಾವು ಟ್ಯಾಂಕನ್ನು ತೊಲೆಗೆ ಹಗ್ಗ ಕಟ್ಟಿ ಬಾಯಿ ಕೆಳಗಾಗಿ ಇಳಿಬಿಟ್ಟೆವು. ಸಾರ್ ರಬ್ಬರ್ ಸುತ್ತಿಗೆಯಿಂದ ಪಕ್ಕೆ ತಟ್ಟಿದರು. ಟಣ್. ಟಣ್ ಟಣ್. ಆಮೇಲೆ ಒಂದೇ ಸಮ ಜಡಿಮಳೆ, ಆಮೇಲೆ ನಿಂತಿತು. ಗಂಗಾಳದ ತುಂಬ ಎಂದು ನಾನು ಹೇಳುವುದಿಲ್ಲ, ತಳ ಕಾಣುತ್ತಿತ್ತು.

“ಮುಗೀತ ಅನ್ನಸ್ತದ್ರಿ,” ಎಂದು ಬಸಣ್ಣ ಹೇಳಿದ ತಕ್ಷಣ ಇನ್ನೊಂದು ಬಿತ್ತು.

ಮತ್ತೆ ತಟ್ಟಿದೆವು. ಓರೆ ಮಾಡಿದೆವು, ತೂಗಿದೆವು, ಒಬ್ಬರ ಕಡೆಯಿಂದ ಇನ್ನೊಬ್ಬರ ಕಡೆಗೆ ಹೊರಳಿಸಿದೆವು. ಏನೂ ಬರಲಿಲ್ಲ. ಬರಲಿಲ್ಲ ಎಂದರೆ ಇಲ್ಲ ಎಂದಲ್ಲ, ಅದು ನಮಗೆಲ್ಲ ಈಗ ಗೊತ್ತಿತ್ತು. ಸಾರ್ ಫೋನು ತೆಗೆದು ನಾಳೆ ಬರುವವರಿಗೆ ಬರಬೇಡಿ ಎಂದು ಹೇಳಿದರು. ಯಾಕೆ ಎಂದು ಅವರು ಕೇಳಿರಬೇಕು. “ಸೋರ್ತಾ ಇದೆ,” ಎಂದರು.

ಆಮೇಲೆ ಟ್ಯಾಂಕನ್ನು ಬೆಂಚಿಗೆ ಇಳಿಸಿ ನನ್ನ ಕಡೆ ನೋಡಿದರು. ಅವರ ಕೈ ದಪ್ಪ, ಬಸಣ್ಣನದು ಇನ್ನೂ ದಪ್ಪ. ನಾನು ಅಂಗಿ ಬಿಚ್ಚಿ, ತೋಳಿಗೆ ಸೋಪಿನ ನೀರು ಹಚ್ಚಿ, ಟ್ಯಾಂಕಿನ ಬಾಯಿಯೊಳಗೆ ಮೊಣಕೈ ದಾಟಿಸಿದೆ. ಒಳಗೆ ತಣ್ಣಗಿತ್ತು. ಮೊದಲ ಗೋಡೆ ಸಿಕ್ಕಿತು. ಅದರ ಬುಡದ ಕಿಂಡಿಗಳನ್ನು ಒಂದೊಂದಾಗಿ ತಡವುತ್ತ ಹೋದೆ. ಅಂಚು ಚರ್ಮ ಕೊಯ್ಯಿತು, ಅದನ್ನು ಬಿಡಿ. ಕೊನೆಯ ಕಿಂಡಿಯ ಆಚೆಯ ಮೂಲೆಯಲ್ಲಿ ಏನೋ ಉರುಟಾಗಿ ತಗುಲಿತು. ಕಾಳಿರಬಹುದು, ಗಟ್ಟಿಯಾದ ಮದ್ದಿನ ಹನಿಯಿರಬಹುದು. ಉಗುರು ಹಾಕಿದರೆ ಜಾರಿತು.

“ಸಾರ್, ಇಲ್ಲೊಂದು ಏನೋ ಇದೆ.”

ಬಸಣ್ಣ ನಗಲಿಲ್ಲ. ಸಾರ್ ಸ್ಟೂಲು ಎಳೆದುಕೊಂಡು ನನ್ನ ಹತ್ತಿರ ಕೂತು, ದೀಪವನ್ನು ನನ್ನ ತೋಳಿನ ಪಕ್ಕಕ್ಕೆ ತಂದರು.

“ಯಾವ ಬೆರಳಿಗೆ ಸಿಕ್ತು?” ಎಂದು ಕೇಳಿದರು.